ದನದ ಡಾಕ್ಟರಮ್ಮನ ಕೂಲಿಂಗ್ ಗ್ಲಾಸು

ಕಣ್ಣಿಗೆ ಕೂಲಿಂಗ್ ಗ್ಲಾಸು ಏರಿಸಿಕೊಂಡ ಹೆಂಗಸು ಸ್ಕೂಟರ್ ಮೇಲೆ ಹಳ್ಳಿಗೆ ಬಂದಳೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಅವಳು ಬಂದದ್ದು ಎಮ್ಮೆಗೆ ಸೂಜಿ ಹಾಕುವುದಕ್ಕೆ ಅಂದಮೇಲಂತೂ ಕೇಳುವುದೇ ಬೇಡ.

ನಾನು ಪಶು ಆಸ್ಪತ್ರೆಯಲ್ಲಿ ಪಶುವೈದ್ಯಕೀಯ ಪರೀಕ್ಷಕಿ. ಊರವರಿಗೆ ಅಷ್ಟುದ್ದ ಹೆಸರು ಯಾಕೆ, 'ದನದ ಡಾಕ್ಟರಮ್ಮ' ಅಂತಾರೆ. ಕೊಪ್ಪಳದ ಸುತ್ತಿನ ಹಳ್ಳಿಗಳು ನನ್ನವು. ಲಸಿಕೆ ಹಾಕುವ ದಿನಗಳಲ್ಲಿ ಮಾತ್ರ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಅಂತ ಎಲ್ಲಿಗೆ ಅಟ್ಟಿದರೆ ಅಲ್ಲಿಗೆ ಹೋಗಬೇಕು. ನಮ್ಮ ಕಡೆ ಬಿಸಿಲು ಎರಡು ಥರದ್ದು. ಒಂದು ಮೇಲಿನಿಂದ ಬೀಳುವುದು, ಇನ್ನೊಂದು ಕೆಳಗಿನಿಂದ ಏಳುವುದು. ಮೇಲಿನದಕ್ಕೆ ತಲೆ ಮೇಲೊಂದು ಓಡಣಿ ಸಾಕು. ಡಾಂಬರು ರಸ್ತೆಯಿಂದ, ಎದುರಿಗೆ ಬರುವ ಲಾರಿಯ ಗಾಜಿನಿಂದ, ಗದ್ದೆಯ ನೀರಿನಿಂದ ಪುಟಿದು ಬಂದು ಕಣ್ಣಿಗೇ ಹೊಡೆಯುವ ಬಿಸಿಲಿಗೆ ಏನು ಮುಚ್ಚಿಕೊಳ್ಳುವುದು?

ಹೀಗೆ ತಿರುಗಿ ತಿರುಗಿ ನನ್ನ ಬಲಗಣ್ಣಿನ ಮೂಲೆಯಲ್ಲಿ ಕೆಂಪಗೆ ಸಣ್ಣದೊಂದು ಮಾಂಸ ಬೆಳೆಯಿತು. ಪಕ್ಕದ ಮನೆಯಾಕೆ ನೋಡಿದವಳೇ, "ಯವ್ವಾ, ನಮ್ಮ ಚಿಗವ್ವಗೂ ಹಿಂಗ ಶುರು ಆಗಿತ್ತು" ಅಂದು ಸುಮ್ಮನಾದಳು. ಆ ಚಿಗವ್ವ ಮುಂದೆ ಏನಾದಳು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಕಣ್ಣೇ ಹೋಯಿತು ಅಂತ ಲೆಕ್ಕ ಹಾಕಿಕೊಂಡೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಬೆಳಕು ಬಿಟ್ಟು ನೋಡಿ, "ಏನೂ ಆಗಿಲ್ರಿ. ಧೂಳು, ಬಿಸಿಲು ಕುಡಿದು ಬಂದಿರೋ ದುರ್ಮಾಂಸ. ಬಿಸಿಲಾಗ ಹೋಗುವಾಗ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕ್ಕೋರಿ, ಸಾಕು" ಅಂದರು.

"ಆಪರೇಶನ್ ಬ್ಯಾಡೇನ್ರಿ?"

"ಈಗೇನೂ ಬ್ಯಾಡ್ರಿ. ಆಪರೇಶನ್ ಬೇಕು ಅನ್ನೋಹಂಗ ಕೇಳಾಕ್ಹತ್ತೀರಲ್ಲ!"

ಹೊರಗೆ ಬಂದು, ಎರಡೂ ಕಣ್ಣು ತುಂಬ ಬೀದಿಯನ್ನೊಮ್ಮೆ ನೋಡಿ, ನಿಂತಲ್ಲೇ ಒಂದು ಎಳನೀರು ಕುಡಿದೆ. ಕಣ್ಣು ಉಳಿಯಿತು. ಕಥೆಗಳು ಶುರುವಾದದ್ದು ಆಮೇಲೆ.

೧. ಗಾಜಿನೊಳಗಿನ ಮೀನು

ಕನ್ನಡಕ ಕೊಳ್ಳುವುದಕ್ಕೆ ನನ್ನ ಜೊತೆ ಅತ್ತೆಯೂ ಬಂದರು. ಅವರು ಜೊತೆಗಿದ್ದರೆ ಅಂಗಡಿಯವರು ಮೋಸ ಮಾಡುವುದಿಲ್ಲ ಅಂತ ಅವರ ನಂಬಿಕೆ. ಮೋಸ ಮಾಡುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ ಅಂತ ನನ್ನ ಅನುಭವ.

ಅಂಗಡಿಯವನು, "ಸಾದಾ ಕರಿ ಗಾಜು ಎಲ್ಲಾನೂ ಕಪ್ಪ ಮಾಡ್ತೈತ್ರಿ. ಇದು ಹಂಗಲ್ಲ. ಥಳಥಳ ಹೊಳಿಯೋದನ್ನಷ್ಟ ತಡೀತೈತಿ" ಅಂದು ಒಂದು ಹೊಳೆಯುವ ಚೀಟಿ ತೋರಿಸಿದ. ಬರಿಗಣ್ಣಿಗೆ ಅದರಲ್ಲಿ ಬರೀ ನೀರಿನ ಚಿತ್ರ. ಕನ್ನಡಕ ಹಾಕಿಕೊಂಡು ನೋಡಿದರೆ ನೀರೊಳಗೆ ಒಂದು ಮೀನು.

ಅತ್ತೆ ಕನ್ನಡಕ ಹಾಕಿದರು, ಮೀನು ಬಂತು. ತೆಗೆದರು, ಮೀನು ಹೋಯಿತು. ಹಾಕಿದರು, ತೆಗೆದರು. ಕೊನೆಗೆ ಅಂಗಡಿಯವನ ಮುಖ ದಿಟ್ಟಿಸಿ, "ತಮ್ಮಾ, ಇದು ಇಲ್ಲದ್ದು ತೋರಸ್ತೈತಲ್ಲೋ!" ಅಂದರು.

"ಇಲ್ರೀ ಅಮ್ಮಾರ. ಮೀನು ಅಲ್ಲೇ ಐತ್ರಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಅಷ್ಟ. ಇದು ಕಣ್ಣಿಗೆ ಕಾಣದ್ದು ಕಾಣಸ್ತೈತ್ರಿ."

ಅತ್ತೆ ತಕ್ಷಣ ಕನ್ನಡಕವನ್ನು ನನ್ನ ಕೈಗಿಟ್ಟು, "ಹಂಗಾರ ಇದನ್ನ ಮನ್ಯಾಗೂ ಹಾಕ್ಕೋಳವಾ. ಮೂಲ್ಯಾಗಿನ ಕಸ ನನಗೊಬ್ಬಾಕಿಗೇ ಕಾಣಾಕ್ಹತ್ತೈತಿ!" ಅಂದರು.

೨. ಸತ್ತ ಮೊಬೈಲು

ಈಗ ದನಕ್ಕೆ ಸೂಜಿ ಹಾಕಿದರಷ್ಟೇ ಮುಗಿಯಲಿಲ್ಲ. ಅದರ ಕಿವಿಯ ಓಲೆಯ ನಂಬರಿನ ಫೋಟೋ ತೆಗೆದು, ಸಂಜೆಯೊಳಗೆ ಮೊಬೈಲಿನಿಂದ ಮೇಲಕ್ಕೆ ಕಳಿಸಬೇಕು. ಇಲ್ಲದಿದ್ದರೆ ಸೂಜಿ ಹಾಕಿಸಿಕೊಂಡ ದನವೂ ಹಾಕಿಸಿಕೊಂಡಿಲ್ಲದ ದನವೇ.

ಹೊಸ ಕನ್ನಡಕ ಹಾಕಿಕೊಂಡ ಮೊದಲ ದಿನ ಹಿಟ್ನಾಳದ ಹತ್ತಿರ ಒಂದು ದೊಡ್ಡಿಯಲ್ಲಿ ಕೆಲಸ. ಆಕಳಿನ ಕಿವಿ ಹಿಡಿದು, ಮೊಬೈಲ್ ಅಡ್ಡ ಮಾಡಿದೆ. ಪರದೆ ಕಪ್ಪು. ನೆಟ್ಟಗೆ ಹಿಡಿದು ನೋಡಿದೆ, ಬೆಳಕು ಬಂತು. ಅಡ್ಡ ಮಾಡಿದೆ, ಮತ್ತೆ ಕಪ್ಪು. ಬೆಳಗಿನಿಂದ ನೆಟ್ಟಗೆ ಹಿಡಿದು ತೆಗೆದ ಫೋಟೋಗಳೆಲ್ಲ ಅದರೊಳಗೇ ಇದ್ದವು. ಊಟ ಬಿಟ್ಟು ಕೊಪ್ಪಳಕ್ಕೆ ಹೊರಟೆ. ದಾರಿಯುದ್ದಕ್ಕೂ ಸಾಹೇಬರಿಗೆ ಏನು ಹೇಳುವುದು ಅಂತ ಬಾಯಿಪಾಠ ಮಾಡಿಕೊಂಡೆ.

ರಿಪೇರಿ ಅಂಗಡಿಯವನ ಮುಂದೆ ಬೆಳಗಿನ ಒಂದು ಫೋಟೋ ತೆರೆದು, ಮೊಬೈಲ್ ಅಡ್ಡ ಹಿಡಿದು, "ನೋಡ್ರಿ, ಹೆಂಗ ಸತ್ತೈತಿ" ಅಂದೆ.

"ಛಲೋ ಐತಲ್ರಿ ಮೇಡಂ."

"ಏನ್ ಛಲೋ? ಕಾಡಿಗಿಹಂಗ ಕಪ್ಪಗ ಐತಿ!"

"ನನಗ ಆಕಳ ಕಿವಿ ಕಾಣಾಕ್ಹತ್ತೈತ್ರಿ."

"ನನಗ ಕತ್ತಲಿ ಕಾಣಾಕ್ಹತ್ತೈತಿ!"

ಅವನು ನನ್ನ ಮುಖ ನೋಡಿದ, ಮೊಬೈಲ್ ನೋಡಿದ, ಮತ್ತೆ ನನ್ನ ಮುಖ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ಮೇಡಂ, ಆ ಚಸ್ಮಾ ಒಂಚೂರು ತಗೀರಿ" ಅಂದ. ತೆಗೆದೆ. ಆಕಳ ಕಿವಿ, ಹಳದಿ ಓಲೆ, ನಂಬರು, ಎಲ್ಲ ಲಕಲಕ ಹೊಳೆಯುತ್ತಿದ್ದವು. ಜೀವ ಬಂದ ಹಾಗಾಯಿತು. ನಾಚಿಕೆ ಆಮೇಲೆ ಬಂತು.

"ರಿಪೇರಿ ಆತ್ರಿ" ಅಂದ ಅವನು. "ಪಾರ್ಟ್ ಏನೂ ಹಾಕಿಲ್ಲ, ಒಂದ ಪಾರ್ಟ್ ತಗದೀನಿ."

೩. ಕಣ್ಣಬ್ಯಾನಿಯ ಉಪಕಾರ

ಕಾಲುಬಾಯಿ ರೋಗದ ಲಸಿಕೆಗೆ ಇರಕಲ್ಲಗಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಆ ಊರು ನನಗೆ ಹೊಸದಲ್ಲ. ಹೋದೊಡನೆ ಎಲ್ಲರೂ ಒಟ್ಟಿಗೆ ಮೈಮೇಲೆ ಬೀಳುತ್ತಾರೆ. 'ನಮ್ಮದು ಮದ್ಲ', 'ನಮ್ಮ ಎತ್ತು ಹಾಯ್ತೈತಿ, ಲಗೂ ಮಾಡ್ರಿ' ಅಂತ ಒಬ್ಬರು ಕೈ ಹಿಡಿದು, ಇನ್ನೊಬ್ಬರು ಚೀಲ ಹಿಡಿದು ಜಗ್ಗುತ್ತಾರೆ. ನಡುವೆ ಸಿಕ್ಕ ನನಗೆ ಎತ್ತಿಗಿಂತ ಮನುಷ್ಯರೇ ಹೆಚ್ಚು ಹಾಯುತ್ತಾರೆ.

ಆ ದಿನ ಮಾತ್ರ ಪವಾಡ. ಜನ ದೂರ ದೂರ ನಿಂತಿದ್ದರು. ಒಬ್ಬೊಬ್ಬರೇ ದನ ಹಿಡಿದು ತಂದರು. ಹಗ್ಗ ಉದ್ದ ಬಿಟ್ಟು, ಮುಖ ಆಚೆ ತಿರುಗಿಸಿ ನಿಂತು, ಸೂಜಿ ಆದೊಡನೆ ಹೊರಟರು. ಚಹಾ ತಂದ ಹೆಣ್ಣುಮಗಳೂ ಲೋಟವನ್ನು ಕಟ್ಟೆಯ ಮೇಲಿಟ್ಟು ಹಿಂದಕ್ಕೆ ಸರಿದಳು.

ಊರು ಇಷ್ಟು ಸುಧಾರಿಸಿತಲ್ಲ ಅಂತ ಖುಷಿಯಲ್ಲಿದ್ದೆ. ಅಷ್ಟರಲ್ಲಿ ಒಬ್ಬ ಅಜ್ಜಿ ತನ್ನ ಎಮ್ಮೆಗೆ ಅಡ್ಡ ನಿಂತು, "ಯವ್ವಾ, ನೀ ಸೂಜಿ ಹಾಕು, ಬ್ಯಾಡನ್ನಂಗಿಲ್ಲ. ಆದ್ರ ನನ್ನ ಎಮ್ಮೀನ ನೋಡಬ್ಯಾಡ" ಅಂದಳು.

"ಯಾಕಜ್ಜಿ?"

"ಊರಾಗ ಕಣ್ಣಬ್ಯಾನಿ ಬಂದೈತಿ. ಕಣ್ಣಾಗ ಕಣ್ಣಿಟ್ಟ ನೋಡಿದ್ರ ಅಂಟತೈತಂತ. ಕರಿ ಚಸ್ಮಾ ಹಾಕ್ಕೊಂಡೀದಿ ಅಂದ್ರ ನಿನಗೂ ಬಂದೈತಿ ಅಂತ ಆತಲ್ಲ!"

"ಅಯ್ಯೋ ಅಜ್ಜಿ, ನನಗೆಲ್ಲಿ ಕಣ್ಣಬ್ಯಾನಿ?" ಅಂತ ಕನ್ನಡಕ ತೆಗೆದು ತೋರಿಸಿದೆ. ಮೂಲೆಯಲ್ಲಿ ಕೆಂಪು ಮಾಂಸ ಕೂತಿರುವುದು ನನಗೆ ನೆನಪೇ ಇರಲಿಲ್ಲ. ಜನ ಇನ್ನೂ ಹತ್ತು ಹೆಜ್ಜೆ ಹಿಂದೆ ಹೋದರು.

ದಿನವಿಡೀ ಆಗುವ ಕೆಲಸ ಮಧ್ಯಾಹ್ನದ ಊಟಕ್ಕೆ ಮುಗಿಯಿತು. ಮರುದಿನ ಪಕ್ಕದ ಊರಿಗೆ ಹೋಗಬೇಕಿದ್ದ ನಮ್ಮ ಸಹೋದ್ಯೋಗಿಗೆ ಇದನ್ನೆಲ್ಲ ಹೇಳಿದೆ. ಅವರು, ಸುತ್ತ ಯಾರೂ ಕೇಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, "ಮೇಡಂ, ಆ ಚಸ್ಮಾ ನಾಳಿ ಒಂದ ದಿನ ಕೊಡ್ತೀರೇನ್ರಿ?" ಅಂದರು.

೪. ಇಳಿದ ಜ್ವರ

ದನದ ಆರೋಗ್ಯ ಅದರ ಮೂತಿಯಲ್ಲಿ ಕಾಣುತ್ತದೆ. ಗಟ್ಟಿಮುಟ್ಟಾಗಿದ್ದರೆ ಮೂಗಿನ ಮೇಲೆ ಸಣ್ಣ ಸಣ್ಣ ಹನಿ ಮೂಡಿ ಒದ್ದೆ ಒದ್ದೆ ಹೊಳೆಯುತ್ತದೆ. ಒಣಗಿ ಮಂಕಾಗಿದ್ದರೆ ಜ್ವರ ಇದ್ದೀತು ಅಂತ ಅನುಮಾನ ಪಡಬೇಕು. ಇದು ಈ ಕೆಲಸದ ಮೊದಲ ಪಾಠ.

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತನೊಬ್ಬ ಕಿಲಾರಿ ಎತ್ತು ತಂದ. ಜಂತಿನ ಔಷಧಿಗೆ ಬಂದಿದ್ದ, ಅಷ್ಟೇ. ನಾನು ದೂರದಿಂದ ಮೂತಿ ನೋಡಿದೆ. ಹೊಳಪೇ ಇಲ್ಲ.

"ಇದಕ್ಕ ಜ್ವರ ಐತಲ್ಲಪ್ಪ!"

ರೈತ ಗಾಬರಿಯಾದ. "ಮುಂಜಾನಿ ಛಂದಂಗ ಮೇವು ತಿಂದೈತ್ರಿ ಯಕ್ಕಾರ!"

ಥರ್ಮಾಮೀಟರ್ ಹಾಕಿದೆ. ಸರಿಯಾಗಿತ್ತು. ಝಾಡಿಸಿ ಮತ್ತೆ ಹಾಕಿದೆ. ಮತ್ತೂ ಸರಿಯಾಗಿತ್ತು. ಇದು ಕೆಟ್ಟಿದೆ ಅಂತ ಇನ್ನೊಂದು ತೆಗೆದೆ. ಎತ್ತು ಹಿಂದಕ್ಕೆ ಕತ್ತು ತಿರುಗಿಸಿ, ಇನ್ನು ಎಷ್ಟು ಸಲ ಅನ್ನುವ ಹಾಗೆ ನನ್ನನ್ನೇ ನೋಡಿತು. ರೈತ ಅದರ ಬೆನ್ನು ಸವರುತ್ತ, "ಮನ್ಯಾಗ ಮಕ್ಕಳು ಇದಕ್ಕ ಮೇವು ಹಾಕದ ಉಣ್ಣಂಗಿಲ್ರಿ. ಏನಾರ ಮಾಡಿ ಉಳಸ್ರಿ" ಅಂದ. ಸುತ್ತ ಜನ ಸೇರಿದರು. ನನಗೂ ಬೆವರು ಇಳಿಯತೊಡಗಿತು. ಕನ್ನಡಕ ತೆಗೆದು ಮುಖ ಒರೆಸಿಕೊಂಡು ಎತ್ತಿನ ಕಡೆ ನೋಡುತ್ತೇನೆ, ಮೂತಿ ಹಸಿ ಹಸಿ ಮಿಂಚುತ್ತಿದೆ!

ಹಾಕಿದೆ, ಮಂಕು. ತೆಗೆದೆ, ಮಿಂಚು. ಅಂಗಡಿಯವನ ಮಾತು ಆಗ ತಿಳಿಯಿತು. ಹೊಳಪು ತಡೆಯುತ್ತೆ ಅಂದಿದ್ದ. ರಸ್ತೆಯ ಹೊಳಪು ಯಾವುದು, ಎತ್ತಿನ ಮೂಗಿನ ಹೊಳಪು ಯಾವುದು ಅಂತ ಗಾಜಿಗೇನು ಗೊತ್ತು?

"ಏನೂ ಇಲ್ಲಪ್ಪ, ನಿನ್ನ ಎತ್ತು ಕಲ್ಲಿದ್ದಂಗ ಐತಿ" ಅಂದೆ. ನಿಟ್ಟುಸಿರು ಬಿಟ್ಟವರು ಮೂವರು: ರೈತ, ನಾನು, ಎತ್ತು.

ಆದರೆ ನೆರೆದವರ ಕಣ್ಣಿಗೆ ಬಿದ್ದದ್ದೇ ಬೇರೆ. ಎತ್ತಿಗೆ ಜ್ವರ ಇತ್ತು, ಡಾಕ್ಟರಮ್ಮ ಚಸ್ಮಾ ತೆಗೆದು ನೋಡಿದಳು, ಜ್ವರ ಹೋಯಿತು. ನಾನು ಹೊರಡುವಾಗ ಒಬ್ಬ ಹೆಣ್ಣುಮಗಳು ಸ್ಕೂಟರಿಗೆ ಅಡ್ಡ ಬಂದು ಕೈ ಮುಗಿದಳು. "ಯಕ್ಕಾ, ನಮ್ಮ ಆಕಳ ಎರಡ ದಿನದಿಂದ ಹಾಲ ಇಳಸವಲ್ದು. ಸೂಜಿ ಏನೂ ಬ್ಯಾಡ್ರಿ, ಅದರ ಮುಂದ ನಿಂತು ಒಂದ ಸಲ ಚಸ್ಮಾ ತಗದ ಹೋಗ್ರಿ!"

೫. ನೀರೊಳಗಿನ ನೋಟ

ಇಷ್ಟೆಲ್ಲ ಆದಮೇಲೆ ಕನ್ನಡಕವನ್ನು ಡಿಕ್ಕಿಯೊಳಗೇ ಇಟ್ಟುಬಿಡೋಣ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಗಂಗಾವತಿಯ ಕಾಲುವೆ ಸೀಮೆಗೆ ಕೆಲವು ದಿನ ನನ್ನನ್ನು ಹಾಕಿದ್ದರು. ಒಂದು ಮಧ್ಯಾಹ್ನ ರೈತನೊಬ್ಬ ಮೋಟರ್‌ಸೈಕಲ್ ಮೇಲೆ ಓಡಿ ಬಂದ. ಎಮ್ಮೆ ಮುಂಜಾನೆಯಿಂದ ಈಯಲಾರದೆ ಒದ್ದಾಡುತ್ತಿದೆ, ಕರು ಅಡ್ಡ ಸಿಕ್ಕಿದೆ ಅಂದ. ಅವನು ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ. ಊರಿಗೆ ಮುಂಚೆ ಒಂದು ಹಳ್ಳ. ಅದಕ್ಕೊಂದು ತಗ್ಗಾದ, ಕಲ್ಲು ಹಾಸಿದ ಸೇತುವೆ. ಕಾಲುವೆಯ ಹೆಚ್ಚಿನ ನೀರು ತಿಳಿಯಾಗಿ ಅದರ ಮೇಲೆ ಹರಿಯುತ್ತಿತ್ತು. ಇಳಿಬಿಸಿಲು ಬಿದ್ದು ಹಳ್ಳಕ್ಕೆ ಹಳ್ಳವೇ ಹೊಸ ತಗಡು ಹೊದಿಸಿದ ಹಾಗೆ ಹೊಳೆಯುತ್ತಿತ್ತು.

"ಮೊಣಕಾಲ ಮಟ ಅಷ್ಟ ಐತಿ, ಬರ್ರಿ" ಅಂತ ಅವನು ಗಾಡಿ ಇಳಿಸುವುದಕ್ಕೂ, ನಾನು ಕನ್ನಡಕದಿಂದ ನೀರಿನ ಕಡೆ ನೋಡುವುದಕ್ಕೂ ಸರಿಹೋಯಿತು. ಈಚೆಯ ಕಲ್ಲು ಕಂಡವು, ಆಚೆಯ ಕಲ್ಲೂ ಕಂಡವು. ನಡುವೆ ಕಲ್ಲೇ ಇಲ್ಲ. ಬಾವಿಯ ಬಾಯಿಯ ಹಾಗೆ ಕಪ್ಪಗೆ ಒಂದು ಕುಳಿ.

"ನಿಂದ್ರೋ! ನಿಂದ್ರೋ!" ಅಂತ ಕಿರುಚಿ ಹಾರನ್ ಒತ್ತಿ ಹಿಡಿದೆ. ಮುಂದಿನ ಗಾಲಿ ನೀರೊಳಗೆ ಇಳಿದಿತ್ತು. ನಿಂತ.

"ಬರುವಾಗ ಇಲ್ಲೇ ದಾಟಿ ಬಂದೀನ್ರಿ ಮೇಡಂ!"

"ಈಗ ಅಲ್ಲಿ ಕಲ್ಲಿಲ್ಲ. ನನಗ ಕಾಣಾಕ್ಹತ್ತೈತಿ."

ಅವನು ನಂಬಲಿಲ್ಲ. ಬಿಸಿಲಿಗೆ ಅವನಿಗೆ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ದಂಡೆಯಲ್ಲಿದ್ದ ಉದ್ದ ಗಳ ತಂದು, ಕಲ್ಲಿನ ಮೇಲೆ ಹೆಜ್ಜೆ ಹೆಜ್ಜೆ ಇಟ್ಟು ಹೋಗಿ, ನಾನು ಹೇಳಿದ ಕಡೆ ಇಳಿಸಿದ. ಗಳ ಅವನ ಮುಷ್ಟಿಯವರೆಗೂ ಮುಳುಗಿತು. ಮೆಲ್ಲಗೆ ಹಿಂದಕ್ಕೆ ಬಂದು ದಂಡೆಯ ಮೇಲೆ ಕೂತುಬಿಟ್ಟ. "ಮೇಡಂ, ನಾ ಬರುವಾಗ ದಾಟಿದ್ದು ಸೇತುವಿನೋ, ನನ್ನ ನಸೀಬೋ?" ಅಂದ.

ಯಾರೂ ಇಳಿಯದ ಹಾಗೆ ಎರಡೂ ಕಡೆ ಜಾಲಿ ಕಂಟಿ ಎಳೆಯಲು ಹೊಲದವರಿಗೆ ಹೇಳಿ, ಸುತ್ತು ದಾರಿಯಲ್ಲಿ ಊರು ಸೇರಿದೆವು. ಎಮ್ಮೆ ಕಾದಿತ್ತು. ಕರುವಿನ ಮಡಚಿದ ಕಾಲು ನೆಟ್ಟಗೆ ಮಾಡಿ ಎಳೆದಾಗ ತಾಯಿಯೂ ಉಳಿಯಿತು, ಕರುವೂ ಉಳಿಯಿತು. ಒದ್ದೆ ಕರು ತಡವರಿಸುತ್ತ ಎದ್ದು ನಿಂತಾಗ ಮನೆಮಂದಿಯೆಲ್ಲ ನಕ್ಕರು. ನನಗೆ ಮಾತ್ರ ಯಾಕೋ ಅಳು ಬಂತು. ಕನ್ನಡಕ ಇತ್ತಲ್ಲ, ಯಾರಿಗೂ ಕಾಣಲಿಲ್ಲ.

ಕೈ ತೊಳೆದು ಬರುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಪಕ್ಕದ ಮನೆಯ ಮುದುಕಿ ತನ್ನ ಗಬ್ಬದ ಎಮ್ಮೆ ಹಿಡಿದುಕೊಂಡು ಬಂದು, "ಡಾಕ್ಟರಮ್ಮಾ, ಚಸ್ಮಾ ಹಾಕ್ಕೊಂಡ ಇದರ ಹೊಟ್ಟ್ಯಾಗ ನೋಡು. ಹೆಣ್ಣಗರು ಐತೋ, ಕ್ವಾಣ ಐತೋ?" ಅಂದಳು.

"ಅಜ್ಜಿ, ಹೊಟ್ಟ್ಯಾಗಿಂದು ಇದರಾಗ ಕಾಣಂಗಿಲ್ಲ. ನೀರಾಗಿಂದು ಅಷ್ಟ ಕಾಣತೈತಿ."

ಮುದುಕಿ "ಹೌದಾ" ಅಂದಳು. ಒಳಗೆ ಹೋಗಿ ಒಂದು ಕೊಡ ನೀರು ತಂದು ಎಮ್ಮೆಯ ಹೊಟ್ಟೆಯ ಮೇಲೆ ಸುರಿದಳು. "ಹಾಂ, ಈಗ ನೋಡು!"

೬. ಹೊಂಡದೊಳಗಿನ ನಗು

ಕುಷ್ಟಗಿಯ ಕಡೆ ಒಂದು ದಾಳಿಂಬೆ ತೋಟ. ಆಡುಗಳಿಗೆ ಲಸಿಕೆ ಹಾಕಲು ಹೋದಾಗ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಮನೆಯ ಹುಡುಗಿಯ ನಿಶ್ಚಯ. ಹುಡುಗ ಗಂಗಾವತಿ ಕಡೆಯವನು, ಲೈನ್‌ಮ್ಯಾನ್. ಎಲ್ಲರಿಗೂ ಒಪ್ಪಿಗೆ, ಹುಡುಗಿಗಂತೂ ಬಹಳ ಒಪ್ಪಿಗೆ. ಆಕೆಯ ಅಜ್ಜ, ಎಲ್ಲರ ಬಾಯಲ್ಲಿ 'ಮುತ್ಯಾ', ಒಬ್ಬರನ್ನು ಬಿಟ್ಟು. "ಕಾಲುವಿ ಸೀಮಿಯವರು ಬರೀ ಅನ್ನ ಉಣ್ಣೋ ಮಂದಿ. ಜ್ವಾಳದ ರೊಟ್ಟಿ ತಿಂದ ಬೆಳದ ಹುಡುಗೀನ ಅಲ್ಲಿ ಹೆಂಗ ಕೊಡೂದು?" ಅನ್ನುವುದು ಅವರ ತಕರಾರು. ಮನೆಗೆ ಹಿರಿಯರು, ಅವರು 'ಹೂಂ' ಅನ್ನದೆ ಎಲೆ ಅಡಿಕೆ ಕೈ ಬದಲಾಗುವಂತಿಲ್ಲ. ಹುಡುಗಿ ಬೆಳಗಿನಿಂದ ಊಟ ಮಾಡಿಲ್ಲ ಅಂತ ತಾಯಿ ನನ್ನ ಕಿವಿಯಲ್ಲಿ ಹೇಳಿದಳು.

ನಾನು ಆಡು ಹಿಡಿದಿದ್ದಾಗ ತೋಟದ ಕಡೆಯಿಂದ ಮುತ್ಯಾ ಬಾಯಿಗೆ ಕೈ ಅಡ್ಡ ಹಿಡಿದು ಓಡಿ ಬಂದರು. "ಅಲ್ಲಿ ಬಿತ್ತು! ಅಲ್ಲಿ ಬಿತ್ತು!" ಅಂತ ಏನೋ ಅಂದದ್ದು ಹೆಂಗಸರಿಗೆ "ಹಲ್ಲಿ ಬಿತ್ತು" ಅಂತ ಕೇಳಿಸಿತು. ನಿಶ್ಚಯದ ದಿನವೇ ಹಲ್ಲಿ ಬೀಳುವುದೇ! ಎಲ್ಲಿ ಬಿತ್ತು, ತಲೆಯ ಮೇಲೋ ಭುಜದ ಮೇಲೋ, ಶಕುನ ಏನು ಅಂತ ಗದ್ದಲವೆದ್ದಿತು. ಮುತ್ಯಾ ಕೈ ತೆಗೆದು ಬಾಯಿ ತೋರಿಸಿದಾಗಲೇ ತಿಳಿದದ್ದು, ಬಿದ್ದದ್ದು ಹಲ್ಲಿ ಅಲ್ಲ, ಹಲ್ಲು. ದಾಳಿಂಬೆ ತಿಂದಿದ್ದರಂತೆ. ಬೀಜ ಸಿಕ್ಕಿತು ಅಂತ ಹಲ್ಲಿನ ಸೆಟ್ ತೆಗೆದು ಕೃಷಿ ಹೊಂಡದಲ್ಲಿ ಜಾಲಿಸುವಾಗ ಜಾರಿತು.

ಎಲ್ಲರೂ ಹೊಂಡಕ್ಕೆ ಓಡಿದೆವು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ, ತಿಳಿ ನೀರು. ಆದರೆ ನೆತ್ತಿಯ ಬಿಸಿಲಿಗೆ ಕನ್ನಡಿಯಾಗಿತ್ತು, ಎಲ್ಲರಿಗೂ ಅವರವರ ಮುಖವೇ ಕಂಡಿತು. ನಾನು ಬೇಲಿಯ ಕಂಬ ಹಿಡಿದು ಕನ್ನಡಕದಿಂದ ಬಗ್ಗಿ ನೋಡಿದೆ. ಪೈಪಿನ ಬಾಯಿಯ ಹತ್ತಿರ, ತಳದಲ್ಲಿ, ಸೆಟ್ಟಿನ ಎರಡೂ ಸಾಲು ಹಲ್ಲು ಕಿರಿದುಕೊಂಡು ಕೂತಿದ್ದವು.

"ಅದಾವ! ಅಲ್ಲೇ ಅದಾವ!" ಅಂದೆ.

ಎಲ್ಲರಿಗೂ ನೋಡಬೇಕು. ಕನ್ನಡಕ ಕೈಯಿಂದ ಕೈಗೆ ಹೋಯಿತು. "ಏ, ನಗಾಕ್ಹತ್ಯಾವಲ್ಲ!" ಅಂತ ಒಬ್ಬರು, "ಮುತ್ಯಾ ನಕ್ಕಿದ್ದನ್ನ ಇದ ಮದ್ಲ ನೋಡಿದ್ದು!" ಅಂತ ಇನ್ನೊಬ್ಬರು. ಕೊನೆಗೆ ಹುಡುಗಿಯ ಸೋದರಮಾವ ಹಾಕಿಕೊಂಡರು. ಅವರಿಗೆ ಸರಿಯಾಗಿ ಕಾಣಲಿಲ್ಲ, ಇನ್ನಷ್ಟು ಬಗ್ಗಿದರು. ಡುಬುಕ್!

ಹಲ್ಲಿನ ಜೊತೆ ಕನ್ನಡಕವೂ ಹೋಯಿತು. ಈಗ ಹಲ್ಲು ನೋಡುವುದಕ್ಕೆ ಕನ್ನಡಕ ಬೇಕು, ಕನ್ನಡಕ ನೋಡುವುದಕ್ಕೂ ಅದೇ ಕನ್ನಡಕ ಬೇಕು.

ಅದೇ ಹೊತ್ತಿಗೆ ಗಂಡಿನ ಕಡೆಯವರ ಗಾಡಿ ಬಂದು ನಿಂತಿತು. ಶಾಮಿಯಾನದಲ್ಲಿ ಯಾರೂ ಇಲ್ಲದ್ದನ್ನು ಕಂಡು ಅವರೂ ಹೊಂಡಕ್ಕೇ ಬಂದರು. ಮುತ್ಯಾ ಬಾಯಿ ಮುಚ್ಚಿಕೊಂಡು ಮೂಲೆಗೆ ತಿರುಗಿ ನಿಂತರು. ಸಂಬಂಧ ಇಷ್ಟವಿಲ್ಲ, ಮಾತೂ ಆಡುತ್ತಿಲ್ಲ ಅಂತ ಬೀಗರ ಮುಖ ಸಣ್ಣದಾಯಿತು. ಹುಡುಗಿಯ ತಾಯಿಗೆ ಅಳು ಬರುವುದೊಂದು ಬಾಕಿ. ನಾನೇ ಮುಂದೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಮದುಮಗ ಹೊಸ ಅಂಗಿ ಕಳಚಿ ತಾಯಿಯ ಕೈಗೆ ಕೊಟ್ಟ, ಸೊಂಟಕ್ಕೊಂದು ಹಗ್ಗ ಕೇಳಿ ಕಟ್ಟಿಕೊಂಡ. "ಅಂಜಬ್ಯಾಡ್ರಿ. ಕಾಲುವ್ಯಾಗ ಈಜಿ ಬೆಳದಾಂವ ನಾನು" ಅಂದು ಇಳಿದ. ಹಗ್ಗದ ಇನ್ನೊಂದು ತುದಿಯನ್ನು ಗಂಡಸರೆಲ್ಲ ಸೇರಿ ಹಿಡಿದರು. ನಾನು ದಂಡೆಯಿಂದ "ಪೈಪಿನ ಎಡಕ್ಕ! ಇನ್ನಷ್ಟ ಮುಂದ!" ಅಂತ ಕೂಗುತ್ತಿದ್ದೆ. ಅವನು ಮುಳುಗಿದ, ಎದ್ದ, ಮತ್ತೆ ಮುಳುಗಿದ. ಈ ಸಲ ಬಹಳ ಹೊತ್ತಾದ ಹಾಗನ್ನಿಸಿತು. ಮನೆಯ ಬಾಗಿಲ ಹಿಂದಿದ್ದ ಹುಡುಗಿ ನಾಚಿಕೆ ಬಿಟ್ಟು ಹೊಂಡದ ಬೇಲಿಗೇ ಬಂದು ನಿಂತಿದ್ದಳು.

ಆಮೇಲೆ ಎದ್ದ. ಒಂದು ಕೈಯಲ್ಲಿ ಹಗ್ಗ ಇತ್ತು, ಇನ್ನೊಂದರಲ್ಲಿ ಹಲ್ಲು. ಕನ್ನಡಕಕ್ಕೆ ಕೈ ಉಳಿದಿರಲಿಲ್ಲ, ಅದನ್ನು ಕಣ್ಣಿಗೇ ಹಾಕಿಕೊಂಡಿದ್ದ. ನೀರು ಸೋರುವ ಮೈ, ಕರಿ ಕನ್ನಡಕ! ಹೆಣ್ಣಿನ ಕಡೆಯವರೆಲ್ಲ ಚಪ್ಪಾಳೆ ಹೊಡೆದರು.

ಮುತ್ಯಾ ಹಲ್ಲು ಇಸಿದುಕೊಂಡು ಆಚೆ ತಿರುಗಿ ತೊಳೆದರು, ಹಾಕಿಕೊಂಡರು, ದವಡೆ ಆಡಿಸಿ ನೋಡಿದರು. ಅವರು ಹುಡುಗನ ಒದ್ದೆ ಬೆನ್ನಿನ ಮೇಲೆ ಕೈಯಿಟ್ಟು, ತೋಟಕ್ಕೆಲ್ಲ ಕೇಳುವ ಹಾಗೆ, "ನನ್ನ ಹಲ್ಲು ಹಿಡದಂವಗ ನನ್ನ ಮೊಮ್ಮಗಳ ಕೈ ಹಿಡ್ಯಾಕ ಏನ ಅಡ್ಡಿ? ಹೂಂ ಅಂದೆ ನೋಡ್ರೆಪ್ಪಾ!" ಅಂದರು.

ಬೇಲಿಯ ಹತ್ತಿರದಿಂದ ಹುಡುಗಿಯ ದನಿ ಕೇಳಿತು: "ಅಡ್ಡಿ ಏನಿಲ್ಲ ಮುತ್ಯಾ. ಮದ್ಲ ಆ ಕೈ ಸಬಕಾರ ಹಚ್ಚಿ ತೊಳ್ಕೊಳ್ಳಾಕ ಹೇಳು!"